ಹದಿನಾಲ್ಕು ಕಂತುಗಳಿಗೆ ನಿಂತ ‘ಫೈರ್‌ಫ್ಲೈ’: ವಾಹಿನಿಯ ತಪ್ಪೋ, ನೋಡುಗರ ಕೊರತೆಯೋ?

ತುಂಗೆಯ ದಡ:

ಕಳೆದ ಭಾನುವಾರ ರಾತ್ರಿ ‘ಫೈರ್‌ಫ್ಲೈ’ ಧಾರಾವಾಹಿಯ ಹದಿನಾಲ್ಕನೆಯ ಕಂತನ್ನು ನೋಡಿ ಮುಗಿಸಿದೆ. ಅದು ಹದಿನಾಲ್ಕಕ್ಕೇ ನಿಂತುಹೋಗಿದೆ ಎಂಬುದು ಮೊದಲ ಕಂತು ಹಾಕುವ ಮುನ್ನವೇ ತಿಳಿದಿತ್ತು. ಹಾಗಿದ್ದೂ ಕೊನೆಯ ದೃಶ್ಯ ಮುಗಿದ ಮೇಲೆ ಹದಿನೈದನೆಯದೊಂದು ಎಲ್ಲಾದರೂ ಇರಬಹುದೇನೋ ಎಂದು ಬೆರಳು ತಾನಾಗಿಯೇ ಪರದೆಯ ಮೇಲೆ ಹುಡುಕಾಡಿತು. ಪಂಕ್ತಿಯಲ್ಲಿ ಕೂರಿಸಿ, ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ ಎಲ್ಲವನ್ನೂ ಬಡಿಸಿ, ಅನ್ನ ಬರುವ ಹೊತ್ತಿಗೆ ‘ಇನ್ನು ಏಳಿ’ ಎಂದರೆ ಹೇಗಿರುತ್ತದೆಯೋ ಹಾಗಾಯಿತು.

ನೋಡದವರಿಗಾಗಿ ಎರಡು ಮಾತು. ಕಥೆ ನಡೆಯುವುದು 2517ರಲ್ಲಿ. ಗ್ರಹಗಳ ನಡುವಿನ ಯುದ್ಧದಲ್ಲಿ ಸೋತ ಪಕ್ಷಕ್ಕಾಗಿ ಹೋರಾಡಿದ್ದ ಮಾಲ್ಕಮ್ ರೆನಾಲ್ಡ್ಸ್ ಎಂಬವನು ‘ಸೆರೆನಿಟಿ’ ಎಂಬ ಹಳೆಯ ಸರಕು ನೌಕೆಯನ್ನು ಕೊಂಡುಕೊಂಡು, ಸಿಕ್ಕ ಕೆಲಸವನ್ನೆಲ್ಲ, ಕಳ್ಳಸಾಗಣೆಯೂ ಸೇರಿದಂತೆ, ಮಾಡುತ್ತ ಹೊಟ್ಟೆ ಹೊರೆಯುತ್ತಾನೆ. ನೌಕೆಯಲ್ಲಿ ಒಟ್ಟು ಒಂಬತ್ತು ಜನ. ಬಾಹ್ಯಾಕಾಶದ ಕಥೆಯಾದರೂ ಕುದುರೆ, ಬಂದೂಕು, ಧೂಳು ತುಂಬಿದ ಊರುಗಳೇ ಹೆಚ್ಚು. ಜಾಸ್ ವೀಡನ್ ರೂಪಿಸಿದ ಈ ಧಾರಾವಾಹಿಯನ್ನು ಅಮೆರಿಕದ ಫಾಕ್ಸ್ ವಾಹಿನಿ 2002ರ ಸೆಪ್ಟೆಂಬರ್ 20ರಂದು ಆರಂಭಿಸಿ, ಅದೇ ಡಿಸೆಂಬರಿನಲ್ಲಿ ನಿಲ್ಲಿಸಿತು. ತಯಾರಾದ ಹದಿನಾಲ್ಕರಲ್ಲಿ ಆಗ ಪ್ರಸಾರವಾದದ್ದು ಹನ್ನೊಂದೇ.

ನನ್ನ ತಕರಾರು ಇರುವುದು ನಿಲ್ಲಿಸಿದ್ದಕ್ಕಿಂತ ಹೆಚ್ಚಾಗಿ ತೋರಿಸಿದ ಕ್ರಮದ ಬಗ್ಗೆ. ನೌಕೆಗೆ ಯಾರು ಹೇಗೆ ಬಂದರು, ಯಾರಿಗೆ ಯಾರ ಮೇಲೆ ಏಕೆ ಅನುಮಾನ ಎಂಬುದನ್ನು ಸಾವಧಾನವಾಗಿ ಹೇಳುವ ಎರಡು ಗಂಟೆಯ ಮೊದಲ ಕಂತು ವಾಹಿನಿಯವರಿಗೆ ಒಪ್ಪಿಗೆಯಾಗಲಿಲ್ಲವಂತೆ. ಹೊಡೆದಾಟ ಹೆಚ್ಚಿರುವ, ನಾಯಕ ಇನ್ನಷ್ಟು ನಗುಮೊಗದವನಾಗಿರುವ ಬೇರೊಂದು ಆರಂಭ ಬೇಕೆಂದು ಅವರು ಕೇಳಿದಾಗ ವೀಡನ್ ಮತ್ತು ಧಾರಾವಾಹಿಯ ಇನ್ನೊಬ್ಬ ಬರಹಗಾರ ಟಿಮ್ ಮಿನಿಯರ್ ಒಂದು ವಾರಾಂತ್ಯದಲ್ಲಿ ಕುಳಿತು ‘ದಿ ಟ್ರೈನ್ ಜಾಬ್’ ಬರೆದರು. ಜನ ಮೊದಲು ನೋಡಿದ್ದು ಅದನ್ನು. ನಿಜವಾದ ಮೊದಲ ಕಂತು ಪ್ರಸಾರವಾದದ್ದು ಡಿಸೆಂಬರ್ 20ರಂದು, ಅಂದರೆ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಹೀಗೆ ತಲೆಕೆಳಗಾಗಿ ಬಡಿಸಿದ ಮೇಲೆ ‘ಜನ ಬರಲಿಲ್ಲ’ ಎಂದು ಹೇಳುವುದು ನ್ಯಾಯವೇ? ಆ ಕಾಲದಲ್ಲಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಳೇ ಆಂಟೆನಾ:

ನಾನು ಆಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಇನ್ನಿಬ್ಬರು ಕನ್ನಡದ ಹುಡುಗರೊಂದಿಗೆ ಬಾಡಿಗೆ ಮನೆಯಲ್ಲಿದ್ದೆ. ಶುಕ್ರವಾರ ರಾತ್ರಿ ಎಂಟು ಗಂಟೆ ಎಂದರೆ ಆ ದೇಶದಲ್ಲಿ ಯೌವನದವರು ಯಾರೂ ಮನೆಯಲ್ಲಿರದ ಸಮಯ. ನಮ್ಮ ಬಳಿ ಆಗ ಕಾರೂ ಇರಲಿಲ್ಲ, ಖರ್ಚು ಮಾಡಲು ಹೆಚ್ಚು ಹಣವೂ ಇರಲಿಲ್ಲ. ಆದ್ದರಿಂದ ಅನ್ನ-ಸಾರು ಮಾಡಿಕೊಂಡು ಟಿವಿಯ ಮುಂದೆ ಕೂರುತ್ತಿದ್ದೆವು. ಆ ವೇಳೆಗೆ ಹಾಕಿದ ಹೊಸ ಧಾರಾವಾಹಿಗಳು ಉಳಿಯುವುದಿಲ್ಲ ಎಂಬ ಮಾತು ಅಲ್ಲಿ ಎಷ್ಟು ಹಳೆಯದೆಂದರೆ, ಅದಕ್ಕೆ ‘ಶುಕ್ರವಾರದ ಸಾವಿನ ಸ್ಲಾಟ್’ ಎಂಬ ಹೆಸರೇ ಇತ್ತು.

ಮೊದಲ ವಾರ ‘ದಿ ಟ್ರೈನ್ ಜಾಬ್’ ನೋಡಿದಾಗ ನಮಗೆ ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ನೌಕೆಯಲ್ಲಿ ಒಬ್ಬ ವೈದ್ಯನಿದ್ದಾನೆ, ಅವನ ತಂಗಿಯ ಮನಸ್ಸು ಸ್ವಸ್ಥವಿಲ್ಲ, ಸರ್ಕಾರ ಅವರನ್ನು ಹುಡುಕುತ್ತಿದೆ ಎಂಬುದನ್ನು ಪಾತ್ರಗಳ ಬಾಯಲ್ಲಿ ಆತುರಾತುರವಾಗಿ ಹೇಳಿಸಿಬಿಡುತ್ತಾರೆ. ಅದೇ ವಿಷಯ ನಿಜವಾದ ಮೊದಲ ಕಂತಿನಲ್ಲಿ ಹೇಗಿದೆ ನೋಡಿ: ಪ್ರಯಾಣಿಕನಾಗಿ ಹತ್ತಿದ ಯುವಕನ ದೊಡ್ಡ ಪೆಟ್ಟಿಗೆಯಲ್ಲಿ ಏನಿದೆ ಎಂಬ ಗುಟ್ಟು ಉಳಿದುಕೊಂಡೇ ಬಂದು, ಕೊನೆಗೆ ಅದರ ಮುಚ್ಚಳ ತೆರೆದಾಗ ಒಳಗೆ ಹುಡುಗಿಯೊಬ್ಬಳು ಮುದುಡಿ ಮಲಗಿರುತ್ತಾಳೆ. ಮೂರು ತಿಂಗಳು ಆ ಹುಡುಗಿಯನ್ನು ಪ್ರತಿ ವಾರ ನೋಡಿ ಪರಿಚಯ ಮಾಡಿಕೊಂಡ ಮೇಲೆ, ಡಿಸೆಂಬರಿನಲ್ಲಿ ‘ಪೆಟ್ಟಿಗೆಯಲ್ಲಿ ಯಾರಿರಬಹುದು’ ಎಂದು ನಮ್ಮನ್ನು ಕೇಳಿದರು.

ಇನ್ನೊಂದು ವಿಷಯ. ಅಕ್ಟೋಬರ್ ತಿಂಗಳಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು. ಆ ವರ್ಷ ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ತಂಡವೇ ವಿಶ್ವ ಸರಣಿಯವರೆಗೆ ಹೋಗಿದ್ದರಿಂದ ಊರಿಗೆ ಊರೇ ಅದರ ಗುಂಗಿನಲ್ಲಿತ್ತು. ಅಕ್ಟೋಬರ್ 4ರ ಶುಕ್ರವಾರ ಕಂತು ಬಂತು, 11ರಂದು ಬರಲಿಲ್ಲ, 18ರಂದು ಮತ್ತೆ ಬಂತು. ನವೆಂಬರಿನ ಕೊನೆಯ ಎರಡು ಶುಕ್ರವಾರವೂ ಇರಲಿಲ್ಲ. ನಾವು ಮೂವರಿಗೆ ಬೇರೆ ಕೆಲಸವಿರಲಿಲ್ಲವಾದ್ದರಿಂದ ಕಾದೆವು; ಸಂಸಾರಸ್ಥರು ಯಾರು ಕಾಯುತ್ತಾರೆ?

ಲೆಕ್ಕದ ಪುಸ್ತಕ:

ಇಬ್ಬರ ನೋವೂ ನನಗೆ ಅರ್ಥವಾಗುತ್ತದೆ, ಏಕೆಂದರೆ ಆ ಧಾರಾವಾಹಿ ನನಗೂ ಪ್ರಿಯವಾದದ್ದೇ. ಆದರೆ ವಾಹಿನಿಯನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸುವ ಮೊದಲು ಅವರ ಎದುರಿಗಿದ್ದ ಅಂಕಿಗಳನ್ನು ನೋಡಬೇಕು. ‘ಫೈರ್‌ಫ್ಲೈ’ಯನ್ನು ಒಂದು ಕಂತಿಗೆ ಸರಾಸರಿ 47 ಲಕ್ಷ ಜನ ನೋಡಿದರು, ಅಲ್ಲಿ ನೋಡುಗರನ್ನು ಎಣಿಸುವ ನೀಲ್ಸನ್ ಸಂಸ್ಥೆಯ ಆ ಋತುವಿನ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 98ನೆಯ ಸ್ಥಾನ. ನಮಗೆ 47 ಲಕ್ಷ ದೊಡ್ಡ ಸಂಖ್ಯೆಯೆಂದು ತೋರಬಹುದು. 2002ರ ಅಮೆರಿಕದ ದೊಡ್ಡ ವಾಹಿನಿಗೆ, ಅದರಲ್ಲೂ ನೌಕೆಯ ಒಳಭಾಗವನ್ನೇ ಸೆಟ್ ಆಗಿ ಕಟ್ಟಿ, ಗ್ರಾಫಿಕ್ಸಿಗೆ ಹಣ ಸುರಿದು ಮಾಡಿದ ಧಾರಾವಾಹಿಗೆ, ಅದು ಸೋಲಿನ ಸಂಖ್ಯೆ.

ಅಲ್ಲಿಯ ವ್ಯವಹಾರದ ರೀತಿಯನ್ನೂ ಹೇಳಬೇಕು. ವಾಹಿನಿಗಳು ಹೊಸ ಧಾರಾವಾಹಿಗೆ ಸಾಮಾನ್ಯವಾಗಿ ಮೊದಲು ಹದಿಮೂರು ಕಂತುಗಳ ಆಸುಪಾಸಿಗೆ ಒಪ್ಪಿಗೆ ಕೊಟ್ಟು, ಶರತ್ಕಾಲದ ಅಂಕಿಗಳು ಚೆನ್ನಾಗಿದ್ದರೆ ಇನ್ನೊಂಬತ್ತನ್ನು ಸೇರಿಸಿ ಇಪ್ಪತ್ತೆರಡು ಮಾಡುತ್ತಿದ್ದವು. ನಿರ್ಮಾಣ ಸಂಸ್ಥೆಗೆ ನಿಜವಾದ ಲಾಭ ಬರುತ್ತಿದ್ದದ್ದು ಸುಮಾರು ನೂರು ಕಂತುಗಳು ಸೇರಿದ ಮೇಲೆ, ಮರುಪ್ರಸಾರದ ಹಕ್ಕು ಮಾರಿದಾಗ. ಹದಿಮೂರರ ಹೊತ್ತಿಗೇ ಉಸಿರುಗಟ್ಟುತ್ತಿರುವ ಧಾರಾವಾಹಿ ನೂರನ್ನು ಮುಟ್ಟುವುದೆಂದು ನಂಬಿ ಇನ್ನಷ್ಟು ಹಣ ಹಾಕುವವರು ಯಾರು?

ಶುಕ್ರವಾರದ ಬಗ್ಗೆ ಒಂದು ತಿದ್ದುಪಡಿ. ‘ಎಕ್ಸ್-ಫೈಲ್ಸ್’ 1993ರಲ್ಲಿ ಇದೇ ಫಾಕ್ಸ್ ವಾಹಿನಿಯಲ್ಲಿ, ಇದೇ ಶುಕ್ರವಾರದಂದು ಆರಂಭವಾಯಿತು. ಮೊದಲ ವರ್ಷ ಅದರ ಅಂಕಿಗಳೂ ಹೇಳಿಕೊಳ್ಳುವಂತಿರಲಿಲ್ಲ. ಅದು ಬೆಳೆಯಿತು, ಒಂಬತ್ತು ವರ್ಷ ನಡೆದು 2002ರ ಮೇ ತಿಂಗಳಿನಲ್ಲಿ ಮುಗಿಯಿತು. ಆದ್ದರಿಂದ ಸ್ಲಾಟನ್ನು ಮಾತ್ರ ದೂರಿದರೆ ವಾದ ನಿಲ್ಲುವುದಿಲ್ಲ.

ಹಳೇ ಆಂಟೆನಾ:

ನಿಮ್ಮ ಉದಾಹರಣೆ ನನ್ನ ಮಾತನ್ನೇ ಹೇಳುತ್ತಿದೆ, ಸ್ವಾಮಿ. ‘ಎಕ್ಸ್-ಫೈಲ್ಸ್’ಗೆ ಬೆಳೆಯಲು ವರ್ಷ ಕೊಟ್ಟರು, ಇದಕ್ಕೆ ಹದಿನಾಲ್ಕು ವಾರ, ಅದರಲ್ಲೂ ಮೂರು ವಾರ ರಜೆ. ಅದರ ಮೊದಲ ಕಂತನ್ನು ಮೊದಲು ತೋರಿಸಿದರು ಎಂಬುದನ್ನೂ ಸೇರಿಸಿಕೊಳ್ಳಿ.

ಲೆಕ್ಕದ ಪುಸ್ತಕ:

ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ.

ಕಂತುಗಾರ:

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ದೈನಂದಿನ ಧಾರಾವಾಹಿಗಳಿಗೆ ಸಂಭಾಷಣೆ ಬರೆದವನು. ಅಮೆರಿಕದ ವಿಷಯ ನನಗೆ ಓದಿ ಗೊತ್ತೇ ಹೊರತು ಅನುಭವವಿಲ್ಲ. ಆದರೆ ನಿಲ್ಲಿಸುವ ಮೊದಲು ನಡೆಯುವ ವಿದ್ಯಮಾನಗಳು ಎರಡೂ ಕಡೆ ಎಷ್ಟು ಒಂದೇ ರೀತಿ ಇವೆ ಎಂಬುದನ್ನು ಓದುವಾಗ ಮೈ ಜುಮ್ಮೆಂದಿತು, ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಗುರುವಾರ ಬಂತೆಂದರೆ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿಗಳು ಬರುತ್ತವೆ. ಎರಡು ಗುರುವಾರ ಕೆಳಗಿಳಿದರೆ ಮೊದಲ ಲಕ್ಷಣವಾಗಿ ಸಲಹೆಗಳು ಬರಲಾರಂಭಿಸುತ್ತವೆ: ನಾಯಕಿ ಇನ್ನಷ್ಟು ಅಳಲಿ, ಅತ್ತೆ ಇನ್ನಷ್ಟು ಗಟ್ಟಿಯಾಗಲಿ, ಒಂದು ಮದುವೆ ಇಟ್ಟುಕೊಳ್ಳೋಣ. ‘ನಾಯಕ ನಗಲಿ, ಹೊಡೆದಾಟ ಇರಲಿ’ ಎಂದು ಫಾಕ್ಸಿನವರು ಕೇಳಿದ್ದೂ ಇದರ ಅಣ್ಣನೋ ತಮ್ಮನೋ ಆಗಬೇಕು. ಎರಡನೆಯ ಲಕ್ಷಣವೆಂದರೆ ಸಮಯ ಬದಲಾವಣೆ. ಏಳೂವರೆಗೆ ಬರುತ್ತಿದ್ದದ್ದನ್ನು ರಾತ್ರಿ ಹತ್ತೂವರೆಗೋ ಸಂಜೆ ಐದಕ್ಕೋ ತಳ್ಳುತ್ತಾರೆ; ಆ ಹೊತ್ತಿಗೆ ನೋಡುವವರು ಬೇರೆಯೇ ಜನ, ಹಾಗಾಗಿ ಅಂಕಿ ಇನ್ನೂ ಇಳಿಯುತ್ತದೆ, ಆಮೇಲೆ ಆ ಇಳಿದ ಅಂಕಿಯನ್ನೇ ತೋರಿಸಿ ಬಾಗಿಲು ಮುಚ್ಚುತ್ತಾರೆ. ಕೊನೆಗೆ ನಿರ್ಮಾಪಕರಿಗೆ ಒಂದು ಫೋನು: ‘ಇನ್ನು ಹನ್ನೆರಡು ಸಂಚಿಕೆಯಲ್ಲಿ ಮುಗಿಸಿ.’

ಒಂದು ಸಲ ನಾನು ಬರೆಯುತ್ತಿದ್ದ ಧಾರಾವಾಹಿಗೆ ಆ ಫೋನು ಬಂದಾಗ ಕಥೆಯಲ್ಲಿ ಒಬ್ಬಳು ತಾಯಿ ಕಳೆದುಹೋದ ಮಗನನ್ನು ಹುಡುಕಿಕೊಂಡು ಹೊರಟು ಇನ್ನೂ ನಾಲ್ಕು ದಿನವಾಗಿತ್ತಷ್ಟೆ. ಆರು ತಿಂಗಳು ನಡೆಯಬೇಕೆಂದು ಎಳೆ ಹಾಕಿಕೊಂಡಿದ್ದ ಹುಡುಕಾಟ ಅದು. ಮಗನನ್ನು ಎದುರು ಮನೆಯಲ್ಲೇ ಸಿಗುವಂತೆ ಮಾಡಿ, ಶುಕ್ರವಾರ ಎಲ್ಲರನ್ನೂ ಒಂದೇ ಹಜಾರದಲ್ಲಿ ನಿಲ್ಲಿಸಿ ನಗಿಸಿ ಮುಗಿಸಿದೆವು. ಪ್ರಸಾರವಾದ ಮರುದಿನ ನಮ್ಮ ಬೀದಿಯ ಹಾಲಿನ ಅಂಗಡಿಯ ಅಜ್ಜಿ, ನಾನು ಅದನ್ನು ಬರೆಯುವವನೆಂದು ಬಲ್ಲವರು, ನನ್ನನ್ನು ನಿಲ್ಲಿಸಿ ‘ಅಲ್ಲಪ್ಪ, ಎದುರು ಮನೇಲೇ ಇದ್ದಿದ್ರೆ ಇಷ್ಟು ದಿನ ಯಾಕಪ್ಪ ಅಳಿಸಿದೆ ಅವಳನ್ನ?’ ಎಂದು ಕೇಳಿದರು. ಅಂಥ ಮುಕ್ತಾಯಕ್ಕಿಂತ, ಒಂದು ಒಳ್ಳೆಯ ಕಂತಿನ ಮೇಲೆ ತಟಕ್ಕನೆ ನಿಂತುಹೋದ ‘ಫೈರ್‌ಫ್ಲೈ’ ಅದೃಷ್ಟವಂತ ಎಂದು ನನಗನಿಸುತ್ತದೆ.

ತುಂಗೆಯ ದಡ:

ಕಂತುಗಾರರೇ, ಅಜ್ಜಿಯ ಪ್ರಶ್ನೆ ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಮ್ಮಮ್ಮ ಹೀಗೆಯೇ ಎಷ್ಟೋ ಧಾರಾವಾಹಿಗಳ ಕೊನೆಯ ವಾರ ‘ಇದೇನು ಇದ್ದಕ್ಕಿದ್ದಂತೆ ಎಲ್ಲರೂ ಒಳ್ಳೆಯವರಾಗಿಬಿಟ್ಟರು’ ಎಂದು ಗೊಣಗುವುದನ್ನು ಕೇಳಿದ್ದೇನೆ. ಅದರ ಹಿಂದೆ ಒಂದು ಫೋನು ಇರುತ್ತದೆ ಎಂದು ಈಗ ತಿಳಿಯಿತು.

ಬಯಲುಸೀಮೆ:

ಟಿವಿ ವಾಹಿನಿಗಳ ಕಾಲ ಮುಗಿಯಿತು, ಈಗ ಓಟಿಟಿಯಲ್ಲಿ ಸ್ಲಾಟೂ ಇಲ್ಲ, ಬೇಸ್‌ಬಾಲೂ ಇಲ್ಲ, ಇನ್ನು ಇಂಥದ್ದು ಆಗುವುದಿಲ್ಲ ಎಂದು ನಂಬಿದ್ದವನು ನಾನು. ಆ ನಂಬಿಕೆಯನ್ನು ‘1899’ ಮುರಿಯಿತು. ಮೂರು ಸೀಸನ್‌ಗಳಲ್ಲಿ ಅಚ್ಚುಕಟ್ಟಾಗಿ ಮುಗಿದ ‘ಡಾರ್ಕ್’ ಮಾಡಿದ ಜರ್ಮನ್ ಜೋಡಿ, ಬಾರನ್ ಬೊ ಒಡರ್ ಮತ್ತು ಯಾಂಟ್ಯೆ ಫ್ರೀಸೆ, ಇದನ್ನೂ ಮೂರು ಸೀಸನ್‌ಗಳಿಗೆಂದೇ ಯೋಚಿಸಿದ್ದರು. 2022ರ ನವೆಂಬರ್ 17ರಂದು ಎಂಟು ಕಂತುಗಳು ಒಟ್ಟಿಗೇ ನೆಟ್‌ಫ್ಲಿಕ್ಸಿಗೆ ಬಂದವು. ಹೆಚ್ಚು ನೋಡಿದವರ ಪಟ್ಟಿಯಲ್ಲೂ ಮೇಲೇರಿತು. 2023ರ ಜನವರಿ 2ರಂದು ಒಡರ್ ಅವರೇ ಇನ್‌ಸ್ಟಾಗ್ರಾಮಿನಲ್ಲಿ ಇನ್ನು ಮುಂದುವರಿಯುವುದಿಲ್ಲ ಎಂದು ಬರೆದರು. ಏಳು ವಾರವೂ ಆಗಿರಲಿಲ್ಲ. ಎಂಟನೆಯ ಕಂತಿನ ಕೊನೆಯ ನಿಮಿಷದಲ್ಲಿ ಇಡೀ ಕಥೆಯನ್ನು ಮಗುಚಿ ಹಾಕಿ ನಿಲ್ಲಿಸಿದ್ದಾರೆ, ಅದು ಹಾಗೆಯೇ ಮಗುಚಿಕೊಂಡು ಬಿದ್ದಿದೆ.

ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಪೂರ್ತಿ ಮುಗಿದಿದೆ ಎಂದು ಖಾತ್ರಿಯಾಗುವವರೆಗೆ ಯಾವ ಹೊಸ ಸರಣಿಯನ್ನೂ ಆರಂಭಿಸುವುದಿಲ್ಲ.

ಲೆಕ್ಕದ ಪುಸ್ತಕ:

ಬಯಲುಸೀಮೆ ಅವರೇ, ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಆ ನಿಯಮವೇ ಮುಂದಿನ ಸರಣಿಯನ್ನು ಕೊಲ್ಲುತ್ತದೆ. ಈ ವೇದಿಕೆಗಳು ಮೊದಲ ಕೆಲವು ವಾರಗಳಲ್ಲಿ ಎಷ್ಟು ಜನ ಆರಂಭಿಸಿದರು, ಎಷ್ಟು ಜನ ಕೊನೆಯವರೆಗೆ ನೋಡಿದರು ಎಂಬುದನ್ನು ತೂಗುತ್ತವೆ. ನಿಮ್ಮಂತೆ ಯೋಚಿಸುವವರು ಲಕ್ಷಾಂತರ ಜನರಿದ್ದು, ಎಲ್ಲರೂ ‘ಮುಗಿಯಲಿ, ಆಮೇಲೆ ನೋಡೋಣ’ ಎಂದು ಕುಳಿತರೆ, ಆ ಮೊದಲ ವಾರಗಳಲ್ಲಿ ನೀವೆಲ್ಲ ಗೈರುಹಾಜರು. ನೀವು ನೋಡಲಿಲ್ಲವೆಂದು ಅವರು ನಿಲ್ಲಿಸುತ್ತಾರೆ, ಅವರು ನಿಲ್ಲಿಸುತ್ತಾರೆಂದು ನೀವು ನೋಡುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಇದಕ್ಕೆಂದೇ ಮಾಡಿದಂತಿದೆ.

ಬಯಲುಸೀಮೆ:

ಗೊತ್ತು. ಆದರೂ ಎರಡು ಸಲ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತಾನೆ. ನಂಬಿಕೆ ಉಳಿಸಿಕೊಳ್ಳಬೇಕಾದವರು ಅವರು, ನಾನಲ್ಲ. ‘ಒಂದು ಸೀಸನ್‌ಗೇ ನಿಲ್ಲಿಸಿದರೂ ಕಥೆಗೊಂದು ಗಡಿ ಇರುತ್ತದೆ’ ಎಂಬ ಭರವಸೆಯನ್ನು ಮೊದಲೇ ಕೊಡಲಿ, ಮೊದಲ ದಿನವೇ ಕೂರುತ್ತೇನೆ.

ಸಂಪಿಗೆಮರ:

ಅಭಿಮಾನಿಗಳು ಏನು ಮಾಡಿದರು ಎಂಬುದನ್ನು ಇಲ್ಲಿ ಯಾರೂ ಇನ್ನೂ ಪ್ರಸ್ತಾಪಿಸಿಲ್ಲ. ನನಗೆ ಈ ಪ್ರಕರಣದಲ್ಲಿ ಅತ್ಯಂತ ಕುತೂಹಲದ ಭಾಗ ಅದೇ. ಕಥೆಯಲ್ಲಿ ಸೋತ ಪಕ್ಷದ ಸೈನಿಕರಿಗೆ ‘ಬ್ರೌನ್‌ಕೋಟ್’ ಎಂದು ಹೆಸರು. ಅಭಿಮಾನಿಗಳು ಆ ಹೆಸರನ್ನೇ ತಮಗೆ ಇಟ್ಟುಕೊಂಡರು. ಸೋತ ಯುದ್ಧದ ಹೆಸರನ್ನು ಇಟ್ಟುಕೊಂಡೇ ಹೋರಾಟಕ್ಕೆ ಇಳಿದವರು ಇವರೇ ಇರಬೇಕು. ಹಣ ಕೂಡಿಸಿ ‘ವೆರೈಟಿ’ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರು. ಧಾರಾವಾಹಿಯನ್ನು ಎತ್ತಿಕೊಳ್ಳಿರೆಂದು ಯುಪಿಎನ್ ವಾಹಿನಿಗೆ ಅಂಚೆ ಕಾರ್ಡುಗಳನ್ನು ಬರೆದರು. ಯುಪಿಎನ್ಅನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ವೀಡನ್ ಅವರ ಇನ್ನೊಂದು ಧಾರಾವಾಹಿ ‘ಬಫಿ’ಯನ್ನು ಆ ವಾಹಿನಿ 2001ರಲ್ಲಿ ಬೇರೆಯವರಿಂದ ಪಡೆದುಕೊಂಡಿತ್ತು. ಈ ಸಲ ಅದು ಕೈ ಚಾಚಲಿಲ್ಲ.

ಆಮೇಲೆ 2003ರ ಡಿಸೆಂಬರಿನಲ್ಲಿ ಡಿವಿಡಿ ಬಂತು. ಹದಿನಾಲ್ಕೂ ಕಂತು, ಸರಿಯಾದ ಕ್ರಮದಲ್ಲಿ, ಪ್ರಸಾರವಾಗದ ಮೂರೂ ಸೇರಿ. ಅದು ನಿರೀಕ್ಷೆ ಮೀರಿ ಮಾರಾಟವಾಯಿತು. ಆ ಬಲದಿಂದ ಯೂನಿವರ್ಸಲ್ ಸಂಸ್ಥೆ ‘ಸೆರೆನಿಟಿ’ ಎಂಬ ಚಲನಚಿತ್ರಕ್ಕೆ ಹಣ ಹಾಕಿತು. 2005ರ ಸೆಪ್ಟೆಂಬರ್ 30ರಂದು ಅದು ತೆರೆ ಕಂಡಿತು. ನಿಲ್ಲಿಸಿದ ಧಾರಾವಾಹಿ ಚಿತ್ರವಾಗಿ ಮರಳುವುದು ಸಣ್ಣ ಸಂಗತಿಯಲ್ಲ. ಚಿತ್ರದಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ, ತುಂಗೆಯ ದಡ ಅವರು ಇನ್ನೂ ನೋಡಿರಲಾರರು. 2007ರ ಜೂನ್ ತಿಂಗಳಿನಲ್ಲಿ ಸ್ಟೀವನ್ ಸ್ವಾನ್ಸನ್ ಎಂಬ ಗಗನಯಾತ್ರಿ ಅಟ್ಲಾಂಟಿಸ್ ನೌಕೆಯಲ್ಲಿ ಈ ಧಾರಾವಾಹಿಯ ಮತ್ತು ಚಿತ್ರದ ಡಿವಿಡಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದರು. ಫಾಕ್ಸಿನ ಶುಕ್ರವಾರ ರಾತ್ರಿಯಲ್ಲಿ ಜಾಗ ಸಿಗದ ನೌಕೆಗೆ ಅಲ್ಲಿ ಜಾಗ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳುತ್ತೇನೆ. ಹದಿನಾಲ್ಕೇ ಕಂತು ಇರುವುದರಿಂದಲೇ ಅದು ನಮಗೆ ಇಷ್ಟು ನಿಷ್ಕಳಂಕವಾಗಿ ಕಾಣುತ್ತಿದೆ. ಐದು ವರ್ಷ ನಡೆದಿದ್ದರೆ ಬೇಸರ ತರಿಸುವ ವರ್ಷವೂ ಒಂದು ಇರುತ್ತಿತ್ತು. ಈಗಲೇ ನೋಡಿ, ಆ ಭವಿಷ್ಯದ ಜಗತ್ತಿನಲ್ಲಿ ಅಮೆರಿಕ ಮತ್ತು ಚೀನಾದ ಸಂಸ್ಕೃತಿಗಳು ಬೆರೆತಿವೆ ಎನ್ನುತ್ತಾರೆ, ಪಾತ್ರಗಳು ಸಿಟ್ಟು ಬಂದಾಗ ಚೀನೀ ಭಾಷೆಯಲ್ಲಿ ಬೈಯುತ್ತವೆ. ಆದರೆ ಮುಖ್ಯ ಪಾತ್ರ ವಹಿಸಿದ ಒಂಬತ್ತು ನಟರಲ್ಲಿ ಚೀನೀ ಮೂಲದವರು ಒಬ್ಬರೂ ಇಲ್ಲ. ಬೈಗುಳಕ್ಕೆ ಬೇಕಾದವರು ಊಟದ ಮೇಜಿಗೆ ಬೇಡವಾದರೇ ಎಂದು ನನಗೆ ಎರಡನೆಯ ಸಲ ನೋಡುವಾಗ ಅನಿಸಿತು. ಇಂಥ ಪ್ರಶ್ನೆಗಳನ್ನು ಅಭಿಮಾನಿಗಳು ಬಹುಕಾಲ ಮುಟ್ಟಲಿಲ್ಲ, ಏಕೆಂದರೆ ಸತ್ತವರ ತಪ್ಪನ್ನು ಯಾರೂ ಎಣಿಸುವುದಿಲ್ಲ.

ಲೆಕ್ಕದ ಪುಸ್ತಕ:

ಸಂಪಿಗೆಮರ ಅವರ ಮಾತಿಗೆ ಇನ್ನೊಂದು ಅಂಕಿ ಸೇರಿಸುತ್ತೇನೆ. ಆ ಚಿತ್ರಕ್ಕೆ ಆದ ಖರ್ಚು ಸುಮಾರು 3.9 ಕೋಟಿ ಡಾಲರ್, ಚಿತ್ರಮಂದಿರಗಳಿಂದ ಬಂದದ್ದು ಸುಮಾರು 4 ಕೋಟಿ. ಟಿಕೆಟ್ ಹಣದಲ್ಲಿ ಚಿತ್ರಮಂದಿರದವರ ಪಾಲು, ಪ್ರಚಾರದ ಖರ್ಚು ಕಳೆದರೆ ಅದು ನಷ್ಟವೇ. ಅಂದರೆ, ಕ್ರಮ ಸರಿಯಾಗಿದ್ದು, ಪ್ರಚಾರವಿದ್ದು, ಬೇಸ್‌ಬಾಲ್ ಅಡ್ಡಬರದಿದ್ದಾಗಲೂ ಅಭಿಮಾನಿಗಳ ಆಚೆಗಿನ ಜನ ಬರಲಿಲ್ಲ. ಅಭಿಮಾನದ ತೀವ್ರತೆಯನ್ನು ಅಭಿಮಾನಿಗಳ ಸಂಖ್ಯೆ ಎಂದು ಎಣಿಸುವುದರಿಂದಲೇ ನಮ್ಮ ಈ ಎಲ್ಲ ನಿರಾಶೆ ಹುಟ್ಟುತ್ತದೆ ಎಂಬುದು ನನ್ನ ಅನುಮಾನ.

ಹಳೆಯ ಉದಾಹರಣೆಗಳೂ ಇದನ್ನೇ ಹೇಳುತ್ತವೆ. 1967-68ರಲ್ಲಿ ‘ಸ್ಟಾರ್ ಟ್ರೆಕ್’ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಎನ್‌ಬಿಸಿ ವಾಹಿನಿಗೆ ರಾಶಿ ರಾಶಿ ಪತ್ರ ಬರೆದರು. ವಾಹಿನಿ ಮೂರನೆಯ ವರ್ಷವನ್ನು ಕೊಟ್ಟಿತು, ಕೊಟ್ಟು ಅದನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿತು. 1969ರಲ್ಲಿ 79 ಕಂತುಗಳಿಗೆ ಅದೂ ನಿಂತಿತು. 2007ರಲ್ಲಿ ಸಿಬಿಎಸ್ ವಾಹಿನಿ ‘ಜೆರಿಕೊ’ವನ್ನು ನಿಲ್ಲಿಸಿದಾಗ ಅಭಿಮಾನಿಗಳು ಇಪ್ಪತ್ತು ಟನ್ನಿಗೂ ಹೆಚ್ಚು ಕಡಲೆಕಾಯಿಯನ್ನು ವಾಹಿನಿಯ ಕಚೇರಿಗಳಿಗೆ ಕಳುಹಿಸಿದರು. ಕೊನೆಯ ಕಂತಿನಲ್ಲಿ ನಾಯಕ, ಎರಡನೆಯ ಮಹಾಯುದ್ಧದಲ್ಲಿ ಶರಣಾಗತಿಯ ಬೇಡಿಕೆಗೆ ಅಮೆರಿಕದ ಸೇನಾಧಿಕಾರಿಯೊಬ್ಬರು ಕೊಟ್ಟ ‘ನಟ್ಸ್’ ಎಂಬ ಒಂದೇ ಮಾತಿನ ಉತ್ತರವನ್ನು ಹೇಳುತ್ತಾನೆ, ಅದಕ್ಕಾಗಿ ಕಡಲೆಕಾಯಿ. ವಾಹಿನಿ ಏಳು ಕಂತುಗಳನ್ನು ಕೊಟ್ಟಿತು. ಅವು ಬಂದವು, ನೋಡುಗರು ಸಾಲಲಿಲ್ಲ, 2008ರ ಮಾರ್ಚ್ ತಿಂಗಳಿನಲ್ಲಿ ಎರಡನೆಯ ಸಲ ನಿಂತಿತು.

ಹಳೇ ಆಂಟೆನಾ:

ಬಸವನಗುಡಿಯ ಪರಿಷೆ ನೋಡಿದವನಿಗೆ ಇಪ್ಪತ್ತು ಟನ್ ಕಡಲೆಕಾಯಿ ಎಂದರೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಆದರೆ ನಿಮ್ಮ ‘ಸ್ಟಾರ್ ಟ್ರೆಕ್’ ಲೆಕ್ಕವನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ. ಆ ಪತ್ರಗಳಿಂದ ಸಿಕ್ಕ ಮೂರನೆಯ ವರ್ಷದಿಂದಲೇ ಮರುಪ್ರಸಾರಕ್ಕೆ ಸಾಕಾಗುವಷ್ಟು ಕಂತುಗಳಾದವು. 1970ರ ದಶಕದಲ್ಲಿ ಊರೂರಿನ ವಾಹಿನಿಗಳಲ್ಲಿ ಅವು ಸಂಜೆ ಸಂಜೆ ಬಂದು ಹೊಸ ಪೀಳಿಗೆಯೊಂದು ನೋಡಿತು, 1979ರಲ್ಲಿ ಚಿತ್ರವಾಯಿತು, ಇಂದಿಗೂ ಅದು ಮುಗಿದಿಲ್ಲ. ನೋಡುಗರು ತಡವಾಗಿ ಬರುತ್ತಾರೆ ಎಂಬುದು ಅಂಕಿಗಳನ್ನು ವಾರವಾರ ಎಣಿಸುವವರಿಗೆ ಕಾಣುವುದಿಲ್ಲ. ನಿಲ್ಲಿಸಿದ ‘ಫ್ಯಾಮಿಲಿ ಗೈ’ಯನ್ನು 2005ರಲ್ಲಿ ಮತ್ತೆ ತಂದದ್ದು ಇದೇ ಫಾಕ್ಸ್ ವಾಹಿನಿ, ಡಿವಿಡಿ ಮತ್ತು ಮರುಪ್ರಸಾರದ ನೋಡುಗರನ್ನು ಎಣಿಸಿದ ಮೇಲೆ ಅವರಿಗೆ ಬುದ್ಧಿ ಬಂತು.

ಲೆಕ್ಕದ ಪುಸ್ತಕ:

ಅದು ಕಾರ್ಟೂನು, ಸ್ವಾಮಿ. ಅಲ್ಲಿ ಸೆಟ್ಟನ್ನು ಒಡೆದುಹಾಕುವ ಪ್ರಶ್ನೆಯಿಲ್ಲ, ಕಲಾವಿದರು ಬಂದು ಧ್ವನಿ ಕೊಟ್ಟರಾಯಿತು. ಪಾತ್ರಗಳಿಗೆ ವಯಸ್ಸೂ ಆಗುವುದಿಲ್ಲ. ‘ಫೈರ್‌ಫ್ಲೈ’ಯ ಒಂಬತ್ತು ನಟರು ಡಿವಿಡಿ ಬರುವ ಹೊತ್ತಿಗೆ ಬೇರೆ ಬೇರೆ ಕೆಲಸ ಹಿಡಿದಿದ್ದರು.

ಕಂತುಗಾರ:

ಈ ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ನಿಲ್ಲಿಸಿದ ಧಾರಾವಾಹಿಯ ಬಗ್ಗೆ ಅಭಿಮಾನಿಗಳ ನಿರಾಶೆಯಷ್ಟನ್ನೇ ನಾವು ಮಾತನಾಡುತ್ತೇವೆ. ನಾನು ಹೇಳಿದ ಆ ಹನ್ನೆರಡು ಸಂಚಿಕೆಯ ಫೋನು ಬಂದ ದಿನ ಸೆಟ್ಟಿನಲ್ಲಿ ಲೈಟಿನವರು, ಮೇಕಪ್ಪಿನವರು, ಊಟ ಬಡಿಸುವವರು ಸೇರಿ ಸುಮಾರು ಐವತ್ತು ಜನರಿದ್ದೆವು. ತಾಯಿಯ ಪಾತ್ರ ಮಾಡುತ್ತಿದ್ದವರು ಹೊಸ ಮನೆಯ ಸಾಲದ ಕಂತು ಕಟ್ಟಲು ಆ ಧಾರಾವಾಹಿಯನ್ನೇ ನಂಬಿದ್ದರು. ಹಾಗಿದ್ದೂ ಕೊನೆಯ ದಿನದ ದೃಶ್ಯದಲ್ಲಿ ಅವರು ನಗಬೇಕಿತ್ತು, ನಾನೇ ಬರೆದಿದ್ದೆ. ಮೊದಲ ಟೇಕಿನಲ್ಲೇ ಒಪ್ಪಿಗೆಯಾಯಿತು.

ತುಂಗೆಯ ದಡ:

ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಪ್ರಶ್ನೆಯಲ್ಲಿದ್ದ ಕಾವು ಸ್ವಲ್ಪ ಇಳಿದಿದೆ ಎಂದು ಒಪ್ಪಿಕೊಳ್ಳುತ್ತೇನೆ. ಲೆಕ್ಕದ ಪುಸ್ತಕ ಅವರ ಅಂಕಿಗಳನ್ನು ಅಲ್ಲಗಳೆಯಲಾರೆ: ಸರಿಯಾದ ಕ್ರಮದಲ್ಲಿ ತೋರಿಸಿದ್ದರೂ ಅದು ಎರಡನೆಯ ವರ್ಷಕ್ಕೆ ಹೋಗುತ್ತಿತ್ತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೂ ಒಂದು ತಕರಾರನ್ನು ಬಿಡಲಾರೆ. ‘ಅವರ್ ಮಿಸೆಸ್ ರೆನಾಲ್ಡ್ಸ್’ ಕಂತಿನಲ್ಲಿ ಸ್ಯಾಫ್ರನ್ ಎಂಬ ಮೋಸಗಾತಿ ಬಂದು ನೌಕೆಯವರನ್ನೆಲ್ಲ ಏಮಾರಿಸಿ ಹೋಗುತ್ತಾಳಲ್ಲವೇ, ಅವಳು ಮರಳಿ ಬರುವ ‘ಟ್ರ್ಯಾಶ್’ ಕಂತು ಚಿತ್ರೀಕರಣವಾಗಿ, ಸಂಕಲನವಾಗಿ, ಸಂಗೀತವೂ ಸೇರಿ ಸಿದ್ಧವಾಗಿತ್ತು. ಖರ್ಚು ಆಗಿಹೋಗಿತ್ತು, ಕಥೆ ಕೈಯಲ್ಲಿತ್ತು. ಹಾಗಿದ್ದೂ ಅದನ್ನು ಆ ಚಳಿಗಾಲದಲ್ಲಿ ತೋರಿಸಲಿಲ್ಲ. ಮುಂದಿನ ವರ್ಷ ಕೊಡದಿರುವುದು ವ್ಯಾಪಾರ ಎಂದುಕೊಳ್ಳೋಣ. ಮಾಡಿಟ್ಟ ಅಡುಗೆಯನ್ನು ಕಾದು ಕುಳಿತವರ ಎದುರಿಗೇ ಬೀರುವಿನಲ್ಲಿಟ್ಟು ಬೀಗ ಹಾಕುವುದು ಯಾವ ಲೆಕ್ಕ?

ಲೆಕ್ಕದ ಪುಸ್ತಕ:

ಅದು ಲೆಕ್ಕವಲ್ಲ. ಅದರಲ್ಲಿ ನಾನು ನಿಮ್ಮ ಪಕ್ಷ.

ತುಂಗೆಯ ದಡ:

ಹಾಗಾದರೆ ಇನ್ನೊಂದು ಪ್ರಶ್ನೆ ಕೇಳಿ ಈ ಎಳೆಯನ್ನು ನನ್ನ ಕಡೆಯಿಂದ ನಿಲ್ಲಿಸುತ್ತೇನೆ. ಮುಂದಿನ ತಿಂಗಳು ಅಮ್ಮ ಊರಿನಿಂದ ಬರುತ್ತಾರೆ. ಎಲ್ಲರೂ ಇದ್ದಕ್ಕಿದ್ದಂತೆ ಒಳ್ಳೆಯವರಾಗದ ಧಾರಾವಾಹಿಯೊಂದನ್ನು ಅವರಿಗೆ ತೋರಿಸಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ತೋರಿಸಲಿ?

ಹಳೇ ಆಂಟೆನಾ:

ಡಿವಿಡಿಯ ಕ್ರಮದಲ್ಲೇ ತೋರಿಸಿ. ‘ಸೆರೆನಿಟಿ’ ಮೊದಲು (ಚಿತ್ರವಲ್ಲ, ಅದೇ ಹೆಸರಿನ ಆ ನಿಜವಾದ ಮೊದಲ ಕಂತು), ಅದು ಉಳಿದವಕ್ಕಿಂತ ಉದ್ದವಾದ್ದರಿಂದ ಮಧ್ಯೆ ಕಾಫಿ ಕೊಡಿ. ಪೆಟ್ಟಿಗೆಯ ವಿಷಯವನ್ನು ಮಾತ್ರ ಬಾಯಿಬಿಡಬೇಡಿ. ನಮಗೆ ಸಿಗದ ಆ ಕ್ಷಣ ಅವರಿಗಾದರೂ ಸಿಗಲಿ. ಆಮೇಲೆ ‘ದಿ ಟ್ರೈನ್ ಜಾಬ್’. ಎಂಟನೆಯದಾದ ‘ಔಟ್ ಆಫ್ ಗ್ಯಾಸ್’ ದಿನ ಬೇರೇನನ್ನೂ ಹಾಕಿಕೊಳ್ಳಬೇಡಿ. ನೌಕೆಯ ಹಳೆಯ ಸಿಬ್ಬಂದಿ ಹೇಗೆ ಬಂದು ಸೇರಿದರು ಎಂಬುದು ಅದರಲ್ಲಿದೆ, ಒಂದೇ ಕೂರಿಕೆಯಲ್ಲಿ ನೋಡಬೇಕಾದದ್ದು.

ಹನ್ನೆರಡನೆಯದಾಗಿ ‘ದಿ ಮೆಸೇಜ್’ ಬರುತ್ತದೆ. ಅದು ಪ್ರಸಾರವಾಗದ ಮೂರರಲ್ಲಿ ಒಂದು, ಅವರು ಕೊನೆಯದಾಗಿ ಚಿತ್ರೀಕರಿಸಿದ್ದೂ ಅದನ್ನೇ. ಧಾರಾವಾಹಿ ನಿಲ್ಲುತ್ತದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಕೊನೆಯ ದೃಶ್ಯದಲ್ಲಿ ಹಿಮ ಬೀಳುತ್ತಿರುತ್ತದೆ, ಸತ್ತ ಗೆಳೆಯನ ಶವಪೆಟ್ಟಿಗೆಯನ್ನು ಅವನ ಮನೆಯವರಿಗೆ ಒಪ್ಪಿಸಿ ಎಲ್ಲರೂ ನಿಂತಿರುತ್ತಾರೆ, ಯಾರೂ ಮಾತನಾಡುವುದಿಲ್ಲ. ಅಲ್ಲಿ ಕೇಳುವ ಸಂಗೀತವನ್ನು ಗ್ರೆಗ್ ಎಡ್ಮನ್ಸನ್ ಧಾರಾವಾಹಿಗೇ ವಿದಾಯವೆಂದು ಮಾಡಿದರು. ಆ ದಿನ ಟಿವಿಯ ಸದ್ದನ್ನು ಸ್ವಲ್ಪ ಜಾಸ್ತಿ ಇಡಿ, ಮೇಡಂ.